ಅದಲುಬದಲಿನ ಪಾಠ

ಶನಿವಾರ ಬೆಳಗ್ಗೆ ಅದಲುಬದಲಿನ ಪಾಠ. ಐದನೇ ಇಯತ್ತೆಯ ಮಕ್ಕಳು ಮನೆಯಲ್ಲೇ ಮಲಗಿ, ದೂರದ ಯಾವುದೋ ದೇಶದ ಮಗುವಿನ ಮೈಯೊಳಗೆ ಎಚ್ಚರಗೊಳ್ಳುತ್ತಿದ್ದರು. ಆ ಮಗು ಇವರ ಮೈಯೊಳಗೆ ಕಣ್ಣು ತೆರೆಯುತ್ತಿತ್ತು. ಬಂದವರಿಗೆ ಬಿಸಿ ರೊಟ್ಟಿ ಹಾಕುವುದು ಊರಿನ ರೂಢಿ.

ಮಗಳು ಕಸ್ತೂರಿಯ ಮೈಯೊಳಗೆ ಇವತ್ತು ಯಾರು ಬಂದಿದ್ದಾರೋ ನೀಲವ್ವನಿಗೆ ತಿಳಿಯದು. "ಬಾರವ್ವಾ, ಕೂಡು," ಎಂದು ನಕ್ಕು ರೊಟ್ಟಿ ಬಡಿಯತೊಡಗಿದಳು. ದಪದಪ ಸದ್ದು ಕೇಳಿದ್ದೇ ತಡ, ಮಗು ಕಿವಿ ಮುಚ್ಚಿಕೊಂಡು ಜೋಳದ ಚೀಲಗಳ ಹಿಂದೆ ನುಸುಳಿತು.

ನೀಲವ್ವನ ಕೈ ನಿಂತಿತು. ಇಷ್ಟಕ್ಕೇ ಹೆದರುವ ಮಗುವಿನ ಊರಲ್ಲಿ ಎಂಥ ಸದ್ದಿರಬೇಕು? ಅಲ್ಲೀಗ ತನ್ನ ಕಸ್ತೂರಿ ಇದ್ದಾಳೆ. ಹಿಟ್ಟಿನ ಕೈಯಲ್ಲೇ ಮಗುವನ್ನು ಮಡಿಲಿಗೆ ಎಳೆದುಕೊಂಡು, "ರೊಟ್ಟಿ ಸಪ್ಪಳ ಅದು, ನನ್ನ ಬಂಗಾರ," ಎನ್ನುತ್ತ ಸೆರಗು ಹೊದಿಸಿದಳು. ಮಾತು ತಿಳಿಯದಿದ್ದರೂ ಮಗು ಅವಳ ಕೊರಳಿಗೆ ಮುಖ ಒತ್ತಿ ನಿದ್ದೆಹೋಯಿತು.

ಬಿಸಿಲು ಹೊಸ್ತಿಲು ದಾಟಿದಾಗ ಮಡಿಲಲ್ಲಿ ಕಣ್ಣು ಬಿಟ್ಟವಳು ಕಸ್ತೂರಿ.

"ಅವ್ವಾ, ಅಲ್ಲಿ ಮ್ಯಾಲಿಂದ ಬೆಂಕಿ ಬೀಳಾಕತ್ತಿತ್ತು. ಅಲ್ಲಿನ ಅವ್ವ ತನ್ನ ಮೈ ಅಡ್ಡ ಹಾಕಿ ನನ್ನ ಅವಚಿಕೊಂಡಿದ್ಲು."

"ನೀ ಆಕಿ ಮಗಳಲ್ಲಂತ ಆಕಿಗೆ ಗೊತ್ತಿತ್ತನು?"

"ಗೊತ್ತಿತ್ತು ಬೇ. ಮೊದಲ ಕೈಸನ್ನೀಲೆ ಹೆಸರು ಕೇಳಿದ್ಲು. ಆಮ್ಯಾಲೆ ಕಸ್ತೂರಿ, ಕಸ್ತೂರಿ ಅಂತನ ಅನ್ನಾಕತ್ತಿದ್ಲು."

ನೀಲವ್ವ ಮಗಳ ಕೆನ್ನೆಯ ಮೇಲಿನ ಹಿಟ್ಟು ಒರೆಸಿದಳು. ತನ್ನ ಮಡಿಲಲ್ಲಿ ಮಲಗಿದ್ದ ಆ ಮಗುವಿನ ಹೆಸರನ್ನು ತಾನು ಕೇಳಿಯೇ ಇರಲಿಲ್ಲ.