ಡೈಸಿ ಕುಂಡದ ಅಡಿ

"ಬುಡ ಗಟ್ಟಿಯಾಗಿ ಹಿಡ್ಕೊಳಮ್ಮ, ನಾನು ತಟ್ತೀನಿ," ಎಂದರು ಮಾವ. ಸೊಸೆ ಡೈಸಿ ಗಿಡದ ಬುಡವನ್ನು ಎರಡು ಬೆರಳುಗಳ ನಡುವೆ ಸಿಕ್ಕಿಸಿಕೊಂಡು ಕುಂಡವನ್ನು ತಲೆಕೆಳಗಾಗಿ ಹಿಡಿದಳು. ಮಾವ ಗಡಿಯಾರ ರಿಪೇರಿಯವರು. ನಿಂತುಹೋದ ಗಡಿಯಾರವನ್ನು ಎಬ್ಬಿಸುವಷ್ಟೇ ನಾಜೂಕಾಗಿ ಸೌಟಿನ ಹಿಡಿಯಿಂದ ಕುಂಡದ ಸುತ್ತ ಟಕಟಕ ಬಡಿದರು. ಗಿಡ ಜಪ್ಪಯ್ಯ ಅನ್ನಲಿಲ್ಲ.

ಇದು ಕದ್ದು ಮಾಡುತ್ತಿದ್ದ ಕೆಲಸ. ಬಾಲ್ಕನಿಯ ಕುಂಡಗಳೆಲ್ಲ ಅತ್ತೆಯವು. ಬೇರೆ ಯಾವುದನ್ನು ಯಾರು ಮುಟ್ಟಿದರೂ ಅವರಿಗೆ ಬೇಸರವಿಲ್ಲ, ಈ ಡೈಸಿಗೆ ಮಾತ್ರ ಕೈ ಹಚ್ಚುವಂತಿಲ್ಲ. ವಾರಗಟ್ಟಲೆ ನೀರಿಲ್ಲದಿದ್ದರೂ ಬಿಸಿಲು ಕಂಡರೆ ಸಾಕು, ಅಂಗೈಯಗಲ ಅರಳುತ್ತಿದ್ದ ಗಿಡ ಈ ಸಲ ಅಂಗಿ ಗುಂಡಿಯಷ್ಟು ಹೂ ಬಿಟ್ಟು ಸುಮ್ಮನಾಗಿತ್ತು. ತಳದ ತೂತಿನಿಂದ ಬೇರು ಹೊರಗೆ ಇಣುಕುತ್ತಿತ್ತು. "ದೊಡ್ಡ ಕುಂಡಕ್ಕೆ ಹಾಕೋಣ ಅತ್ತೆ" ಅಂದಾಗಲೆಲ್ಲ ಬರುತ್ತಿದ್ದ ಉತ್ತರ ಒಂದೇ: "ಅದರ ಪಾಡಿಗೆ ಅದಿರ್ಲಿ ಬಿಡೆ."

ಯಾಕೆ? ಸೊಸೆ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಯಾಕೆ ಎಂಬುದನ್ನು ಹಾಗೇ ಬಿಟ್ಟು ನಿದ್ದೆ ಮಾಡುವ ಪೈಕಿಯವಳಲ್ಲ. ಈ ಮನೆಯಲ್ಲಿ ಅವಳ ತಲೆ ತಿನ್ನುತ್ತಿದ್ದ ಯಾಕೆಗಳು ಎರಡು. ಒಂದು, ಈ ಕುಂಡ. ಇನ್ನೊಂದು, ಮಾವನ ಟೀ. ಮನೆಯಲ್ಲಿ ಲೋಟಕ್ಕೆ ಎರಡು ಚಮಚ ಸಕ್ಕರೆ ಸುರಿದುಕೊಳ್ಳುವ ಮಾವ, ಅವಳ ತವರಿಗೆ ಹೋದಾಗ ಮಾತ್ರ "ಸಕ್ಕರೆ ಬೇಡ, ಕಾಯಿಲೆ ಇದೆ" ಎಂದು ಕೈ ಅಡ್ಡ ಹಿಡಿಯುತ್ತಿದ್ದರು. ಅವರ ರಕ್ತವನ್ನು ಅವಳೇ ಪರೀಕ್ಷಿಸಿದ್ದಳು. ಸಕ್ಕರೆ ಕಾಯಿಲೆಯ ಸುಳಿವೂ ಇರಲಿಲ್ಲ. ಪಾಪ, ಅವಳಪ್ಪ ಬೀಗರಿಗೆಂದೇ ಸಿಹಿಯಿಲ್ಲದ ಬಿಸ್ಕತ್ತು ಹುಡುಕಿ ತಂದಿಡುತ್ತಿದ್ದರು.

ಇವತ್ತು ಗಂಡ ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದದ್ದೇ ತಡ, ಅವಳು ಮಾವನನ್ನು ಪುಸಲಾಯಿಸಿ ಕೆಲಸಕ್ಕೆ ಹಚ್ಚಿದ್ದಳು. ಗಿಡ ಸತ್ತರೆ ಬೈಗುಳದಲ್ಲಿ ಇಬ್ಬರಿಗೂ ಸಮಪಾಲು.

ಕೊನೆಗೊಮ್ಮೆ ಗಿಡ ಪುಳಕ್ಕನೆ ಕಳಚಿಕೊಂಡಿತು. ಮಣ್ಣು ಕಾಣದಷ್ಟು ಬೇರು ಸುತ್ತಿಕೊಂಡಿತ್ತು. ತೂತು ಮುಚ್ಚಲು ಅಡಿಯಲ್ಲಿ ಒಂದು ಹೆಂಚಿನ ಚೂರು ಇಡುವುದು ವಾಡಿಕೆ. ಇಲ್ಲಿ ಬೇರುಗಳು ತಬ್ಬಿಕೊಂಡಿದ್ದದ್ದು ಬಿಳಿ ಪಿಂಗಾಣಿಯ ಚೂರುಗಳನ್ನು. ಮಾವ ಒಂದನ್ನು ಬಿಡಿಸಿ ಹೆಬ್ಬೆರಳಿನಿಂದ ಉಜ್ಜಿದರು. ನೀಲಿ ಹಕ್ಕಿಯೊಂದರ ರೆಕ್ಕೆ ಕಂಡಿತು.

"ಇದು ನಮ್ಮಮ್ಮನ ಸಕ್ಕರೆ ಜಾಡಿ," ಎಂದರು. "ನೀನು ಮದುವೆಯಾಗಿ ಬಂದ ಹೊಸದರಲ್ಲೇ ಕಾಣೆಯಾಗಿತ್ತು. ಎಲ್ಲಿ ಹೋಯ್ತೋ ಗೊತ್ತಿಲ್ಲ ಅಂದಿದ್ಲು ನಿಮ್ಮತ್ತೆ."

"ಅವರ ಕೈಯಿಂದಾನೇ ಒಡೆದಿರ್ಬೇಕು! ನಿಮಗೆ ಹೆದರಿ ಇಲ್ಲಿ ಹೂತಿದಾರೆ!" ಸೊಸೆಗೆ ನಗು ತಡೆಯಲಾಗಲಿಲ್ಲ.

ಮಾವ ನಗಲಿಲ್ಲ. "ಹಾಗಾದ್ರೆ ನಿಮ್ಮಪ್ಪನ ಮನೇಲಿರೋ ಜಾಡಿ?"

"ಟೀ ಜೊತೆ ತರ್ತಾರಲ್ಲ, ಅದಾ? ಅದು ನಮ್ಮಮ್ಮ ಇದ್ದಾಗಿಂದ ಇದೆ ಮಾವ. ಅದ್ರಲ್ಲೂ ಇದೇ ಹಕ್ಕಿ..."

ಮಾತು ಅಲ್ಲಿಗೇ ನಿಂತಿತು. ಟೀಯ ಯಾಕೆಗೆ ಅವಳಿಗೆ ಉತ್ತರ ಸಿಕ್ಕಿತ್ತು. ನಾಲ್ಕು ವರ್ಷ ಬಾಯ್ತುಂಬ ಮಗಳೇ ಎಂದು ಕರೆದವರು, ನಾಲ್ಕು ವರ್ಷವೂ ತನ್ನನ್ನು ಕಳ್ಳಿ ಎಂದುಕೊಂಡಿದ್ದರು. ಅಪ್ಪನನ್ನೂ.

"ನಾನು ತವರಿಗೆ ಸಾಗಿಸಿದೆ ಅಂದ್ಕೊಂಡ್ರಾ?"

ಮಾವ ಚೂರನ್ನು ತಿರುಗಿಸುತ್ತ ಕೂತರು. "ನಿಮ್ಮಪ್ಪ ಅದರಿಂದ ಸಕ್ಕರೆ ತೆಗೆದು ಹಾಕೋರು. ನನಗೆ ಗಂಟಲಲ್ಲಿ ಇಳೀತಿರ್ಲಿಲ್ಲ ಮಗಳೇ."

"ಒಂದು ಮಾತು ಕೇಳ್ಬಹುದಿತ್ತು."

"ಕೇಳಿದ್ರೆ ನಿನಗೆ ಅವಮಾನ ಆಗುತ್ತೆ ಅಂತ ಸುಮ್ನಿದ್ದೆ."

ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಹೊಸ ಕುಂಡದ ತೂತಿನ ಮೇಲೆ ಅವೇ ಚೂರುಗಳನ್ನು ಜೋಡಿಸಿದಳು. ಮರಳು ಬೆರೆಸಿದ ಮಣ್ಣು ಹಾಕಿ, ಬೇರು ಸಡಿಲಿಸಿ, ಗಿಡ ಕೂರಿಸಿ, ಬೇಕಾದ್ದಕ್ಕಿಂತ ಬಲವಾಗಿಯೇ ಒತ್ತಿದಳು. ಮಾವ ಚೆಲ್ಲಿದ ಮಣ್ಣನ್ನು ಬರಿಗೈಯಲ್ಲಿ ಬಳಿಯುತ್ತಿದ್ದರು.

ಬಾಗಿಲ ಸದ್ದಾಯಿತು. ಗಂಡ ಗಾಡಿ ನಿಲ್ಲಿಸಲು ಕೆಳಗೇ ಉಳಿದಿದ್ದ. ಕಣ್ಣಿಗೆ ಔಷಧಿ ಬಿಡಿಸಿಕೊಂಡಿದ್ದ ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು, ಗೋಡೆ ಹಿಡಿದುಕೊಂಡು, ಅಭ್ಯಾಸಬಲದಿಂದ ನೇರ ಬಾಲ್ಕನಿಗೇ ಬಂದರು. ಮಾವ ಮೆಲ್ಲಗೆ ಒಳಗೆ ಸರಿದರು. ಅತ್ತೆಯ ಕೈ ಕುಂಡದ ಅಂಚಿಗೆ ತಾಗಿತು. ಅಂಚು ದಪ್ಪಗಿತ್ತು. ಕೈ ಅಲ್ಲೇ ನಿಂತಿತು.

"ಬದಲಾಯಿಸಿಬಿಟ್ಯಾ?" ಎಂದರು ಪಿಸುದನಿಯಲ್ಲಿ. "ಅಡೀಲಿ ಇದ್ದಿದ್ದು?"

"ಹಾಗೇ ಇಟ್ಟಿದೀನಿ ಅತ್ತೆ."

"ಮಾವ ನೋಡಿದ್ರಾ?"

"ನೋಡಿದ್ರು."

"ಕೂಗಾಡಿದ್ರಾ?"

"ಇಲ್ಲ."

ಅತ್ತೆಗೆ ಹೋದ ಜೀವ ಬಂದಂತಾಯಿತು. ಮಬ್ಬುಗಣ್ಣಿಗೆ ಸೊಸೆಯ ಮುಖ ಕಾಣುತ್ತಿರಲಿಲ್ಲ. ಮಣ್ಣಾದ ಅವಳ ಕೈಯನ್ನು ತಡಕಿ ಹಿಡಿದುಕೊಂಡು ಹುಡುಗಿಯಂತೆ ನಕ್ಕರು.

"ನೋಡು, ಸುಮ್‌ಸುಮ್ನೆ ಇಷ್ಟು ವರ್ಷ ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ. ನಾನೊಂದು ಸುಳ್ಳು ಹೇಳಿದ್ರಿಂದ ಯಾರಿಗೇನು ನಷ್ಟ ಆಯ್ತು, ನೀನೇ ಹೇಳು?"