ಸದ್ದಿಲ್ಲದ ಪಂಪು

ಮೇಸ್ತ್ರಿ ಗ್ಯಾರೇಜಿನೊಳಗೆ ಕಾಲಿಡುತ್ತಿದ್ದಂತೆ ಅವನ ತಮ್ಮನೂ ರಿಪೇರಿಗೆ ಬಂದ ಟ್ರಕ್ಕಿನ ಡ್ರೈವರೂ ಮೂಲೆಯಲ್ಲಿ ನಿಂತು ಗುಸುಗುಸು ಮಾತಾಡುತ್ತಿದ್ದರು. ಒಂದು ಮಾತೂ ತಿಳಿಯಲಿಲ್ಲ. ಇತ್ತೀಚೆಗೆ ಇದೇ ಆಗಿಬಿಟ್ಟಿತ್ತು. ಅವನು ಹತ್ತಿರ ಸುಳಿದರೆ ಸಾಕು, ಎಲ್ಲರೂ ದನಿ ತಗ್ಗಿಸುತ್ತಿದ್ದರು.

ಆ ಗ್ಯಾರೇಜು ಹೆಸರು ಮಾಡಿದ್ದೇ ಮೇಸ್ತ್ರಿಯ ಕಿವಿಯಿಂದ. ಗಾಡಿಯ ಎಣ್ಣೆ ಟ್ಯಾಂಕಿನ ಮುಚ್ಚಳ ತೆಗೆದು, ಬಾಯಿಗೆ ಕಿವಿಯಿಟ್ಟು, "ಕೀ ತಿರುಗಿಸು" ಅನ್ನುತ್ತಿದ್ದ. ಒಳಗೆ ಎಂಜಿನ್ನಿಗೆ ಎಣ್ಣೆ ದೂಡುವ ಪಂಪು ಒಂದೆರಡು ಕ್ಷಣ ಗುಂಯ್ ಅಂದು ನಿಂತರೆ ಸರಿ. ಅನ್ನಲಿಲ್ಲವೋ, ಅದರ ಕಥೆ ಮುಗಿಯಿತು. ಮೀಟರು ಹಿಡಿದು ಪರದಾಡುವವರನ್ನು ಕಂಡರೆ ಅವನಿಗೆ ನಗು. ಈ ತಮ್ಮನಿಗೆ ಸ್ಪ್ಯಾನರು ಹಿಡಿಯಲು ಕಲಿಸಿದವನೂ ಅವನೇ, ಅಪ್ಪ ತೀರಿಕೊಂಡ ಮೇಲೆ ಅಪ್ಪನಾಗಿ ಸಾಕಿದವನೂ ಅವನೇ.

ಈಗ ಮೇಸ್ತ್ರಿಯ ತಲೆ ನರೆತ ಮೇಲೆ ಆ ತಮ್ಮ ಬೆನ್ನ ಹಿಂದೆ ಆಟ ಶುರು ಮಾಡಿದ್ದ. ಹೋದ ವಾರ ಒಂದು ವ್ಯಾನಿನ ಪಂಪು ಸತ್ತಿದೆ, ಬದಲಾಯಿಸು ಎಂದು ಹೇಳಿ ಮೇಸ್ತ್ರಿ ಊಟಕ್ಕೆ ಹೋಗಿದ್ದ. ಬರುವಷ್ಟರಲ್ಲಿ ವ್ಯಾನು ಹೊರಟುಹೋಗಿತ್ತು. ಹೊಸ ಪಂಪು ಮಾತ್ರ ಡಬ್ಬದಲ್ಲೇ ಕೂತಿತ್ತು! ಸತ್ತ ಪಂಪನ್ನೇ ಮತ್ತೆ ಹಾಕಿ ಸಾಗಹಾಕಿದ್ದ. ಆ ವ್ಯಾನು ಯಾವ ದಾರಿಯಲ್ಲಿ ನಿಂತಿದೆಯೋ, ಬೈಗುಳವೆಲ್ಲ ಮೇಸ್ತ್ರಿಯ ಹೆಸರಿಗೆ. ಹಳೆಯ ಗಿರಾಕಿಗಳೂ ಈಗ ಅವನಿಗೆ ಫೋನು ಮಾಡುತ್ತಿರಲಿಲ್ಲ, ತಮ್ಮನಿಗೇ ಮಾಡುತ್ತಿದ್ದರು. ಸಾಲದ್ದಕ್ಕೆ ಹೆಂಡತಿಯೂ ಮೈದುನನ ಕಡೆ ಸೇರಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಇಬ್ಬರದೂ ಪಿಸುಮಾತು. "ಏನದು?" ಎಂದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದು. ಗ್ಯಾರೇಜು ಹೊಡೆದುಕೊಳ್ಳುವ ಸಂಚಲ್ಲದೆ ಇನ್ನೇನು?

ಈ ಟ್ರಕ್ಕನ್ನು ನಿನ್ನೆ ಹಗ್ಗ ಕಟ್ಟಿ ಎಳೆದು ತಂದಿದ್ದರು. ಓಡುತ್ತ ಓಡುತ್ತ ತಟಕ್ಕನೆ ನಿಲ್ಲುವುದು, ತಣ್ಣಗಾದ ಮೇಲೆ ಹೊರಡುವುದು, ಕಡೆಗೆ ಹೊರಡಲೇ ಇಲ್ಲ. ಮೇಸ್ತ್ರಿ ಕಿವಿಯಿಟ್ಟು ಕೇಳಿದ್ದ. ಸದ್ದಿಲ್ಲ. "ಪಂಪು ಹೋಗಿದೆ, ಟ್ಯಾಂಕು ಇಳಿಸು" ಎಂದಿದ್ದ. ಇವತ್ತು ನೋಡಿದರೆ ಟ್ಯಾಂಕು ಇದ್ದಲ್ಲೇ ಇತ್ತು. ಪಕ್ಕದಲ್ಲಿ ಚಾಸಿಯ ಉಕ್ಕಿನ ತೊಲೆಗೆ ಅಂಗೈಯಗಲದ ಹೊಸ ಪೆಟ್ಟಿಗೆಯೊಂದು ಅಂಟಿಕೊಂಡಿತ್ತು.

"ಏನೋ ಇದು?"

ತಮ್ಮ ಬಂದು ಎದುರಿಗೇ ನಿಂತ. ಈಚೆಗೆ ಮಾತಾಡುವಾಗೆಲ್ಲ ಹೀಗೇ, ಜಗಳಕ್ಕೆ ಬಂದವನಂತೆ ಮುಖಕ್ಕೆ ಮುಖ ಕೊಟ್ಟು ನಿಲ್ಲುತ್ತಿದ್ದ.

"ಕಂಟ್ರೋಲ್ ಮಾಡ್ಯೂಲ್ ಅಣ್ಣ. ಪಂಪಿಗೆ ಕರೆಂಟು ಅಳೆದು ಕೊಡೋದು ಇದೇ. ಹಳೇದು ನೋಡು." ಬೆನ್ನಿಗೆ ಬಿಳಿಯ ಪುಡಿ ಹತ್ತಿ, ಅಂಚು ತಿಂದುಹೋಗಿದ್ದ ಪೆಟ್ಟಿಗೆಯನ್ನು ಮುಂದೆ ಹಿಡಿದ. "ಕರೆಂಟು ಇದರ ತನಕ ಬರ್ತಿತ್ತು, ಆಚೆ ಹೋಗ್ತಿರ್ಲಿಲ್ಲ. ಬ್ಯಾಟರಿಯಿಂದ ಪಂಪಿಗೆ ನೇರ ವೈರು ಕೊಟ್ಟೆ. ಚೆನ್ನಾಗೇ ಓಡ್ತು."

"ಹಾಗಾದ್ರೆ ನನ್ನ ಕಿವಿ ಸುಳ್ಳಾ?"

ತಮ್ಮ ತಲೆ ತಗ್ಗಿಸಿ ಏನೋ ಗೊಣಗಿದ. ನಿಜ ಹೇಳುವವನು ಗೊಣಗುತ್ತಾನೆಯೇ?

"ಕೀ ತಿರುಗಿಸು. ಸ್ಟಾರ್ಟ್ ಮಾಡ್ಬೇಡ. ಪೈಪಲ್ಲಿ ಉಳಿದ ಎಣ್ಣೆಗೆ ಎಂಥಾ ಎಂಜಿನ್ನೂ ಒಂದ್ಗಳಿಗೆ ಓಡುತ್ತೆ. ಆ ಆಟ ನನ್ ಹತ್ರ ಬೇಡ."

ಮುಚ್ಚಳ ತೆಗೆದು ಕಿವಿಯಿಟ್ಟ. ತಮ್ಮ ಕೀ ತಿರುಗಿಸಿದ. ಕ್ಯಾಬಿನ್ನಿನಲ್ಲಿ ದೀಪಗಳು ಹೊತ್ತಿಕೊಂಡವು. ಟ್ಯಾಂಕಿನೊಳಗೆ ಏನೂ ಇಲ್ಲ. ಇನ್ನೊಮ್ಮೆ ತಿರುಗಿಸಿದ. ಏನೂ ಇಲ್ಲ. ಡ್ರೈವರು ಮಾತ್ರ ದೊಡ್ಡ ತೃಪ್ತಿಯಿಂದ ತಲೆಯಾಡಿಸಿದ. ಅವನನ್ನೂ ಬುಟ್ಟಿಗೆ ಹಾಕಿಕೊಂಡಾಗಿತ್ತು.

ಮೇಸ್ತ್ರಿ ಮುಚ್ಚಳವನ್ನು ನೆಲಕ್ಕೆ ಬಡಿದ. "ಎತ್ತಿ ಆಡಿಸಿದವನ ಬೆನ್ನಿಗೇ ಚೂರಿ ಹಾಕಿದ್ಯಲ್ಲೋ! ಕೆಟ್ಟ ಪಂಪು ಹಾಗೇ ಬಿಟ್ಟು, ಯಾವುದೋ ಪೆಟ್ಟಿಗೆ ಅಂಟಿಸಿ, ನನ್ ಹೆಸರಿಗೆ ಮಸಿ ಬಳೀತೀಯಾ?"

"ಅಣ್ಣಾ, ನಿನಗೆ ನೋವಾಗುತ್ತೆ ಅಂತ್ಲೇ ನಾನೂ ಅತ್ತಿಗೇನೂ ಇಷ್ಟು ದಿನ ಸುಮ್ನಿದ್ವಿ..."

"ಗೊತ್ತು ಬಿಡು. ಸುಮ್ನಿದ್ದೇ ಇಬ್ರೂ ನನ್ನ ಮುಗಿಸಿದ್ರಿ. ಬೀಗದಕೈ ಇಡು ಅಲ್ಲಿ. ಇವತ್ತಿಗೆ ನನಗೆ ತಮ್ಮ ಇಲ್ಲ."

ಒಂದೇ ತಟ್ಟೆಯಲ್ಲಿ ಉಂಡವರು ಅವರು. ತಮ್ಮ ಬೀಗದಕೈಯನ್ನು ಸಾಮಾನಿನ ಪೆಟ್ಟಿಗೆಯ ಮೇಲಿಟ್ಟ. ಕೈ ಒರೆಸಿಕೊಂಡು ಹೊರಟ. ಗೇಟಿನ ಬಳಿ ತಿರುಗಿ ನಿಂತು ಏನೋ ಅಂದ. ಅದನ್ನೂ ಬಾಯೊಳಗೇ.

ಹೋಗಲಿ. ಮೇಸ್ತ್ರಿ ಟ್ರಕ್ಕಿನಡಿ ಅಂಗಾತ ಮಲಗಿ ಒಳಗೆ ಸರಿದ. ತಾನೇ ಟ್ಯಾಂಕು ಇಳಿಸುತ್ತಾನೆ, ಸತ್ತ ಪಂಪನ್ನು ತೆಗೆದು ಎಲ್ಲರ ಮುಂದೆ ಇಡುತ್ತಾನೆ. ಒಂದು ಕೈಯಲ್ಲಿ ಟ್ಯಾಂಕನ್ನು ಬಿಗಿದ ಪಟ್ಟಿಯ ಬೋಲ್ಟು ಹಿಡಿದ. ಇನ್ನೊಂದು ಕೈಯನ್ನು ಟ್ಯಾಂಕಿನ ತಳಕ್ಕೆ ಆನಿಸಿದ. ಬಿಚ್ಚುವ ಮುಂಚೆ ಡ್ರೈವರಿಗೂ ಒಮ್ಮೆ ಗೊತ್ತಾಗಲಿ ಅನ್ನಿಸಿತು.

"ನೀವೇ ಕೀ ತಿರುಗಿಸಿ, ಸ್ವಾಮಿ!" ಎಂದು ಕೂಗಿ, ತಗಡಿಗೆ ಕಿವಿ ಒತ್ತಿದ.

ಕಿವಿಯಲ್ಲಿ ಅದೇ ಮೌನ. ಅಂಗೈಯ ಕೆಳಗೆ ಮಾತ್ರ ಪಂಪು ಒಂದೆರಡು ಕ್ಷಣ ಗಟ್ಟಿಯಾಗಿ ನಡುಗಿ, ಒಳ್ಳೆಯ ಪಂಪು ನಿಲ್ಲುವ ಹಾಗೆಯೇ ನಿಂತಿತು.