ಸೋಫಾದ ದಿಂಬು

"ಈ ನಾದ ನಿಮ್ಮಪ್ಪಂದಲ್ಲ ಬಿಡು," ಎಂದಳು ಅಮ್ಮ, ಮೈಕಿನ ಮುಂದಿನಿಂದ ಸರಿಯುತ್ತ. ಮಗಳಿಗೆ ರೇಗಿತು. ತೀರಿಕೊಂಡ ಅಪ್ಪ ಅಮ್ಮ ಹಾಡುವ 'ಸೋಲ್' ಎಂಬ ಅಮೆರಿಕನ್ ಶೈಲಿಯ ಹಾಡುಗಳಿಗೆ ನುಡಿಸುತ್ತಿದ್ದ ಅದೇ ಟೊಳ್ಳು ಒಡಲಿನ ಗಿಟಾರು, ಅದೇ ಆಂಪ್ಲಿಫೈಯರು, ಬದಲಾಯಿಸದ ಅವೇ ಮಾಸಲು ತಂತಿಗಳು. ಆದರೂ ಹಳೆಯ ರೆಕಾರ್ಡಿನಲ್ಲಿ 'ಚಕ್' ಎಂದು ಮೆತ್ತಗೆ ಕಡಿದು ನಿಲ್ಲುವ ಪೆಟ್ಟು ಇವಳ ಕೈಯಲ್ಲಿ ಪಾತ್ರೆ ಬಿದ್ದ ಹಾಗೆ ಗುಂಯ್‌ಗುಟ್ಟುತ್ತಿತ್ತು.

ಅಮ್ಮ ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಸ್ಟುಡಿಯೋದ ಸೋಫಾದಿಂದ ದಿಂಬೊಂದನ್ನು ಎಳೆದು ತಂದು, ಗಿಟಾರಿನ ಬೆನ್ನಿಗೂ ಅವಳ ಹೊಟ್ಟೆಗೂ ನಡುವೆ ತುರುಕಿದಳು.

"ಕಡ್ಡಿ ಥರ ಇದ್ದೀಯ. ಅವರು ಆ ಗುಡಾಣ ಹೊಟ್ಟೆಗೆ ಒತ್ಕೊಂಡು ನುಡಿಸ್ತಿದ್ರು. ಹೊಟ್ಟೆ ಕರಗಿಸಿ ಅಂತ ಎಷ್ಟು ಬೈದಿದ್ದೀನೋ."

"ಸದ್ಯ, ಅಪ್ಪ ನಿನ್ ಮಾತು ಕೇಳ್ಲಿಲ್ಲ."

ಅಮ್ಮ ನಗುತ್ತ ಮೈಕಿನ ಮುಂದೆ ನಿಂತು ಕಣ್ಣು ಮುಚ್ಚಿದಳು. ಮಗಳು ತಂತಿ ಮೀಟಿದಳು. ಗುಂಯ್ ಅನ್ನುವುದೆಲ್ಲ ದಿಂಬಿನೊಳಗೆ ಅಡಗಿ, 'ಚಕ್' ಒಂದೇ ಉಳಿಯಿತು. ಖುಷಿಗೆ ಅವಳ ಕೈ ತಾಳ ಬಿಟ್ಟು ಓಡತೊಡಗಿತು.

ಅಮ್ಮ ಕಣ್ಣು ತೆರೆಯದೆ ಕೈ ಎತ್ತಿ ಗದರಿದಳು:

"ರೀ, ಓಡಬೇಡಿ. ನಾನಿನ್ನೂ ಹಾಡಬೇಕು."